ಎಂಜಲು ಕಾವು

ಕರೆಂಟು ತೆಗೆಯಲು ಕೊರೆದ ಬಾವಿ ಅದು. ಬಿಳಿಗಲ್ಲು ಊರಿನ ಗುಡ್ಡದ ಬುಡದಲ್ಲಿ ಕರಿಕಲ್ಲು ಸೀಳಿಕೊಂಡು ನಾಲ್ಕು ಕಿಲೋಮೀಟರು ಕೆಳಗೆ ಹೋದರು. ಕೊರೆಯುವಷ್ಟು ದಿನ ಊರಿನ ಎಮ್ಮೆಗಳು ಸರಿಯಾಗಿ ಹಾಲು ಕೊಡಲಿಲ್ಲ, ಕೂಸುಗಳು ಮಲಗಲಿಲ್ಲ. ಕೊನೆಗೆ ನೋಡಿದರೆ ಅಷ್ಟು ಆಳದ ಕಲ್ಲು ನೂರಾ ಮೂವತ್ತು ಡಿಗ್ರಿ ಮಾತ್ರ ಕಾದಿತ್ತು. ಅಷ್ಟು ಬಿಸಿಯಲ್ಲಿ ಟರ್ಬೈನು ತಿರುಗಿಸುವುದು ಅಂದರೆ ಎತ್ತು ಕಟ್ಟಿ ರೈಲು ಎಳೆದ ಹಾಗೆ. ದೊಡ್ಡವರು ಕಾರು ಹತ್ತಿ ಹೋದರು. ಹೋಗುವಾಗ ಉದ್ಘಾಟನೆಗೆ ನಿಲ್ಲಿಸಿದ್ದ ಬೋರ್ಡನ್ನೂ ಕಿತ್ತುಕೊಂಡು ಹೋದರು.

ಬಾವಿಯ ಬಾಯಿಗೆ ಸಿಮೆಂಟು ಹಾಕಿ ಬಾ ಅಂತ ಚೆಲುವರಾಜ ಎಂಬ ಇಂಜಿನಿಯರನನ್ನು ಬಿಟ್ಟು ಹೋಗಿದ್ದರು. ಮೈಸೂರು ಕಡೆಯವನು. ನಲವತ್ತು ದಾಟಿದ ಒಬ್ಬಂಟಿ, ಮೂಗಿನ ತುದಿಯಲ್ಲಿ ಸಿಟ್ಟು. ಸಿಮೆಂಟು ಹಾಕಲು ಅವನಿಗೆ ಮನಸ್ಸು ಬರಲಿಲ್ಲ. ಕರೆಂಟಿಗೆ ಸಾಲದ್ದು ಅಂದಮಾತ್ರಕ್ಕೆ ಅದು ಬಿಸಿಯೇ ಅಲ್ಲವಾ ಅಂತ ತನ್ನಷ್ಟಕ್ಕೆ ಬೈದುಕೊಳ್ಳುತ್ತ, ಈ ಊರಿನಲ್ಲಿ ಯಾರು ಯಾತಕ್ಕೆ ಬೆಂಕಿ ಹಚ್ಚುತ್ತಾರೆ ಅಂತ ನೋಡಲು ಓಣಿ ಓಣಿ ತಿರುಗಿದ. ಎಲ್ಲಕ್ಕಿಂತ ದಪ್ಪ ಹೊಗೆ ಕಂಡದ್ದು ಹಳ್ಳದ ದಂಡೆಯ ಉಬ್ಬೆಮನೆಯಲ್ಲಿ.

ಉಬ್ಬೆ ಅಂದರೆ ಮಡಿವಾಳರು ಕೊಳೆಬಟ್ಟೆಯನ್ನು ಸೋಡಾದಲ್ಲಿ ನೆನೆಸಿ ಹಬೆಯಲ್ಲಿ ಬೇಯಿಸುವುದು. ಈ ಉಬ್ಬೆಮನೆಯ ಯಜಮಾನಿ ಫಕೀರವ್ವ. ಅವಳ ಕೈಕೆಳಗೆ ಹನ್ನೊಂದು ಹೆಂಗಸರು. ಬರುತ್ತಿದ್ದದ್ದು ತಾಲ್ಲೂಕಿನ ಹೆರಿಗೆ ಆಸ್ಪತ್ರೆಯ ಬಟ್ಟೆ: ರಕ್ತ, ಕೀವು, ಮಲ ಎಲ್ಲ ಹತ್ತಿದ್ದು. ಅದನ್ನು ಬರೀ ಒಗೆದರೆ ಆಗುವುದಿಲ್ಲ, ಕುದಿಸಬೇಕು. ಕಟ್ಟಿಗೆ ಒಟ್ಟಿ ಕುದಿಸಿ ಕುದಿಸಿ ಫಕೀರವ್ವನ ಎದೆ ಹಾಳಾಗಿತ್ತು. ಇನ್ನೊಂದು ಮಳೆಗಾಲ ಹೊಗೆ ಕುಡಿದರೆ ಉಸಿರಾಡಲು ಮಷೀನು ಬೇಕಾಗುತ್ತದೆ ಅಂತ ಅದೇ ಆಸ್ಪತ್ರೆಯ ಡಾಕ್ಟರು ಹೇಳಿ ಕಳಿಸಿದ್ದರು. ಕೆಲಸ ಬಿಟ್ಟರೆ ಹನ್ನೆರಡು ಮನೆಯ ಒಲೆ ಆರುತ್ತದೆ. ಬಿಡದಿದ್ದರೆ ಅವಳೇ ಆರುತ್ತಾಳೆ. ಚೆಲುವರಾಜ ಹೋದಾಗ ಅವಳು ಹೊಗೆಯ ನಡುವೆ ನಿಂತು ಕೆಮ್ಮುತ್ತ, ಇಲ್ಲಿ ಏನು ಜಾತ್ರೆ ನೋಡಲು ಬಂದಿದ್ದೀಯಾ ಅಂತ ಅವನನ್ನೇ ಗದರಿಸಿದ್ದಳು.

ವರ್ಷದೊಳಗೆ ಕೊಳವೆ ಬಂತು. ಲೆಕ್ಕ ಸರಳ. ಬಾವಿಗೆ ಎರಡು ಕೊಳವೆ. ಒಂದರಲ್ಲಿ ನೀರನ್ನು ಒತ್ತಿ ಕೆಳಗೆ ಕಳಿಸುತ್ತಾರೆ. ಅದು ಆಳದ ಬಿರುಕುಗಳಲ್ಲಿ ನುಸುಳಿ, ಕಾದು, ಇನ್ನೊಂದರಿಂದ ಮೇಲೆ ಬರುತ್ತದೆ. ಆ ನೀರನ್ನು ಯಾರೂ ಮುಟ್ಟುವುದಿಲ್ಲ. ಅದು ಉಕ್ಕಿನ ತೆಳುವಾದ ತಗಡಿನ ಒಂದು ಮಗ್ಗುಲಲ್ಲಿ ಹರಿಯುತ್ತದೆ, ನಮ್ಮ ಮನೆಯ ನೀರು ಇನ್ನೊಂದು ಮಗ್ಗುಲಲ್ಲಿ. ಬಿಸಿ ದಾಟುತ್ತದೆ, ನೀರು ದಾಟುವುದಿಲ್ಲ. ಗೋಡೆಯ ಆಚೆ ಬಿಸಿಲು ಬಿದ್ದರೆ ಈಚೆ ಬೆಚ್ಚಗಾಗುತ್ತದಲ್ಲ, ಹಾಗೆ. ಮೊದಲು ಉಬ್ಬೆಮನೆ, ಯಾಕೆಂದರೆ ಕುದಿ ಬೇಕಾದದ್ದು ಅಲ್ಲಿ. ಅಲ್ಲಿಂದ ಹೊರಬಿದ್ದ ಕೊಳವೆ ಮೇಲೋಣಿಗೆ ಹೋಗುತ್ತದೆ. ದೊಡ್ಡ ಮನೆಗಳ ಓಣಿ ಅದು. ಜಳಕಕ್ಕೆ ಕುದಿ ಬೇಡ, ಉಳಿದ ಬಿಸಿ ಧಾರಾಳ ಸಾಕು. ಅಲ್ಲಿ ತಣಿದ ಮೇಲೆ ನೀರು ಮತ್ತೆ ಬಾವಿಗೆ.

ಮೇಲೋಣಿಯವರು ಬಹಳ ಖುಷಿಪಟ್ಟರು. ಹಂಡೆಯ ಮಸಿ ಹೋಯಿತು. ಬಚ್ಚಲಲ್ಲಿ ನಲ್ಲಿ ತಿರುಗಿಸಿದರೆ ಹೊಗೆಯಾಡುವ ನೀರು. ಓಣಿಯ ಹಿರಿಯ ನೀಲಕಂಠ ದೇಸಾಯರಂತೂ ದಿನಕ್ಕೆ ಎರಡು ಸಲ ಜಳಕ ಮಾಡಿ, ಭೂತಾಯಿಯ ಒಡಲ ಬಿಸಿ ಅಂತ ಬಂದವರಿಗೆಲ್ಲ ಬಣ್ಣಿಸಿದರು. ಒಂದು ಚಳಿಗಾಲ, ಒಂದು ಬೇಸಿಗೆ, ಅರ್ಧ ಮಳೆಗಾಲ ಹೀಗೇ ನಡೆಯಿತು. ಯಾರ ಮೈಮೇಲೂ ಬೊಬ್ಬೆ ಏಳಲಿಲ್ಲ, ಯಾರ ದೇವರೂ ಮುನಿಯಲಿಲ್ಲ.

ಆಮೇಲೆ ಒಂದು ಸಭೆ ಆಯಿತು.

ಬಾವಿಯನ್ನು ಊರಿಗೇ ಒಪ್ಪಿಸುವ ಸಭೆ. ಚೆಲುವರಾಜನ ಕೈಯಲ್ಲಿದ್ದ ಸರ್ಕಾರಿ ಕಾಗದದಲ್ಲಿ 'ಉಳಿಕೆ ಶಾಖ' ಅಂತ ಒಣ ಮಾತಿತ್ತು. ಅದನ್ನು ಓದಿ ಕುಳಿತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಜನಕ್ಕೆ ತಿಳಿಯುವ ಹಾಗೆ ಹೇಳಬೇಕು ಅನ್ನುವ ಹುಚ್ಚು ಅವನಿಗೆ. ಕಾಗದ ಮಡಚಿ ಕಿಸೆಗೆ ಹಾಕಿ, ನಗುತ್ತ ಹೇಳಿದ:

"ಸುಲಭವಾಗಿ ಹೇಳ್ತೀನಿ ಕೇಳಿ. ಫಕೀರವ್ವನವರು ಮೊದಲು ಊಟ ಮಾಡ್ತಾರೆ. ಅವರ ಎಂಜಲು ಬಿಸೀಲಿ ನೀವು ಸ್ನಾನ ಮಾಡ್ತೀರಿ."

ಹಿಂದೆ ಕುಳಿತಿದ್ದ ಹಮಾಲರು ನಕ್ಕರು. ಮುಂದಿನ ಸಾಲು ನಗಲಿಲ್ಲ. ದೇಸಾಯರು ಎದ್ದು, ಹೆಗಲ ಮೇಲಿನ ಶಲ್ಯ ಸರಿ ಮಾಡಿಕೊಂಡು, ಅದೇನು ಅಂದಿರಿ ಇನ್ನೊಮ್ಮೆ ಹೇಳಿ ಅಂದರು. ಆ ಮೂರ್ಖ ಇನ್ನೊಮ್ಮೆ ಹೇಳಿದ.

ಸಂಜೆಯ ಹೊತ್ತಿಗೆ ಮೇಲೋಣಿಯ ಮನೆಮನೆಯಲ್ಲೂ ಬಚ್ಚಲಿನ ವಾಲ್ವು ಬಂದಾಗಿತ್ತು.

ಮೈಲಿಗೆ ಅನ್ನುವುದು ನೀರಿನಲ್ಲಿ ಬರುತ್ತದೆ, ಮುಟ್ಟಿದರೆ ಬರುತ್ತದೆ, ನೆರಳಿನಲ್ಲೂ ಬರುತ್ತದೆ ಅಂತ ಕೇಳಿದ್ದೆವು. ತಗಡು ದಾಟಿ ಬರೀ ಬಿಸಿಯಲ್ಲಿ ಬರುತ್ತದೆ ಅಂತ ಕಂಡುಹಿಡಿದ ಕೀರ್ತಿ ಬಿಳಿಗಲ್ಲಿನದು. ವರ್ಷ ತುಂಬುವಷ್ಟು ಜಳಕ ಮಾಡಿದ ಮೈ ಒಂದು ಮಾತಿನಿಂದ ಮೈಲಿಗೆಯಾಯಿತು. ಅದೇ ಬಟ್ಟೆ ಉಬ್ಬೆಯಿಂದ ಬಂದರೆ ಮಡಿ. ಉಬ್ಬೆಯ ಬಿಸಿ ಬಂದರೆ ಎಂಜಲು.

ಬೇಡ ಅಂದರೆ ಬಿಡಲಿ, ನಮಗೇನು ಅಂದಳು ಫಕೀರವ್ವ. ಅದು ಅಷ್ಟಕ್ಕೆ ಮುಗಿಯುವ ಹಾಗಿರಲಿಲ್ಲ. ಮರುದಿನ ಉಬ್ಬೆ ಅರ್ಧಕ್ಕೆ ನಿಂತಿತು.

ಗುಡ್ಡದ ಬುಡದ ಕಂಟ್ರೋಲ್ ರೂಮಿನಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ನೀರನ್ನು ಮತ್ತೆ ಬಾವಿಗೆ ಒತ್ತುವ ಪಂಪು ಅರವತ್ತೈದು ಡಿಗ್ರಿಗಿಂತ ಬಿಸಿ ನೀರನ್ನು ತಾಳುವುದಿಲ್ಲ. ಸೋರದಂತೆ ತಡೆಯುವ ಅದರೊಳಗಿನ ರಬ್ಬರು ಬಿರಟೆಗಳು ಮೆತ್ತಗಾಗುತ್ತವೆ. ಅದಕ್ಕೇ ತಾನಾಗಿ ನಿಲ್ಲುತ್ತದೆ. ಮೇಲೋಣಿಯವರು ಜಳಕ ಮಾಡಿ ಮಾಡಿ ನೀರನ್ನು ತಣಿಸುತ್ತಿದ್ದರು. ಈಗ ತಣಿಸುವವರಿಲ್ಲ. ಉಬ್ಬೆಮನೆಯಿಂದ ಹೊರಟ ನೀರು ಎಂಬತ್ತೈದರಲ್ಲೇ ಪಂಪಿಗೆ ಬರುತ್ತಿತ್ತು. ಪಂಪು ನಿಂತರೆ ನೀರಿನ ಸುತ್ತು ನಿಂತಿತು. ಸುತ್ತು ನಿಂತರೆ ಬಾವಿಯಿಂದ ಬಿಸಿ ಬರುವುದಿಲ್ಲ, ಉಬ್ಬೆ ತಣ್ಣಗೆ. ಬೇರೆ ಪಂಪು ಬರಬೇಕೆಂದರೆ ಹಡಗಿನಲ್ಲಿ ಬರಬೇಕು, ಬರುವಷ್ಟರಲ್ಲಿ ವರ್ಷ. ನೀರು ಚಿಮ್ಮಿಸಿ ತಣಿಸುವ ಹೊಂಡ ಕಟ್ಟಬಹುದು, ಆದರೆ ಅದರಲ್ಲಿ ದಿನಕ್ಕೆ ಹತ್ತಾರು ಟ್ಯಾಂಕರು ನೀರು ಆವಿಯಾಗಿ ಹೋಗುತ್ತದೆ. ಎಂಟು ದಿನಕ್ಕೊಮ್ಮೆ ನಲ್ಲಿ ಬರುವ ಊರಿನಲ್ಲಿ ಈ ಮಾತು ಆಡಿದರೆ ಹೊಡೆಯುತ್ತಾರೆ.

ಚೆಲುವರಾಜ ಉಬ್ಬೆಮನೆಗೆ ಬಂದು ಇದನ್ನೆಲ್ಲ ಹೇಳಿದ. ಫಕೀರವ್ವ ಅರ್ಧ ಬೆಂದ ಬಟ್ಟೆಯ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತು ಕೇಳಿದಳು.

"ಅಂದ್ರ ನಾ ಉಂಡಿದ್ದು ಕರಗಬೇಕಂದ್ರ ಅವ್ರು ಎಂಜಲ ತಿನ್ನಬೇಕು."

"ಆ ಮಾತು ಬಿಡವ್ವ. ನನ್ನ ನಾಲಿಗೆ ಸುಟ್ಟುಹೋಗ್ಲಿ."

"ಸುಡಾಕ ಬಿಸಿ ಎಲ್ಲೈತಿ?" ಅಂದಳು ಅವಳು.

ಆಸ್ಪತ್ರೆಯ ಬಟ್ಟೆ ಗಂಟುಗಟ್ಟಲೆ ಬಿದ್ದಿತ್ತು. ಕೆಲಸದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, ಅವಳನ್ನು ಕೇಳದೆ ಹಿತ್ತಲಿನ ಹಳೆಯ ಭಟ್ಟಿಗೆ ಕಟ್ಟಿಗೆ ಹಚ್ಚಿದರು. ನೀನು ದೂರ ಕೂತಿರು, ನಾವು ನೋಡಿಕೊಳ್ಳುತ್ತೇವೆ ಅಂದರು. ದೂರ ಕೂರುವ ಹೆಂಗಸೇ ಅವಳು? ಹಸಿ ಕಟ್ಟಿಗೆ, ಮಳೆಗಾಲದ ಗಾಳಿ, ಹೊಗೆ ಮೇಲೇಳದೆ ನೆಲದ ಮೇಲೇ ಉರುಳಾಡಿತು. ಸ್ವಲ್ಪ ಹೊತ್ತಿಗೇ ಫಕೀರವ್ವ ಗೋಡೆ ಹಿಡಿದು ಕುಳಿತಳು. ಅವಳ ಗಂಡ ಮಾಚಪ್ಪ ಬಂದು ಎತ್ತಿಕೊಂಡು ಹೋಗಬೇಕಾಯಿತು.

ಮನೆಯಲ್ಲಿ ಮಾಚಪ್ಪ ಅವಳ ಬೆನ್ನು ತಿಕ್ಕುತ್ತ, ಆಸ್ಪತ್ರೆಗೆ ನಮ್ಮಿಂದ ಆಗುವುದಿಲ್ಲ ಅಂತ ಹೇಳಿಬಿಡೋಣ, ಇಸ್ತ್ರಿ ಮಾಡಿಕೊಂಡಿದ್ದರೆ ಸಾಕು ಅಂದ. ಅವಳಿಗೆ ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಕೈಸನ್ನೆಯಲ್ಲೇ ಅವನಿಗೆ ಬೈದಳು. ಉಸಿರು ಬಂದ ಮೇಲೆ ಬಾಯಿ ತುಂಬ ಬೈದಳು.

ಇತ್ತ ದೇಸಾಯರು ಒಂದು ಪರಿಹಾರ ಹೇಳಿ ಕಳಿಸಿದರು: ಕೊಳವೆ ತಿರುಗಿಸಿ, ಮೊದಲು ನಮ್ಮ ಓಣಿಗೆ ಬರಲಿ, ಆಮೇಲೆ ಅವರು ಏನಾದರೂ ಮಾಡಿಕೊಳ್ಳಲಿ. ಚೆಲುವರಾಜ ಹಲ್ಲು ಕಡಿದುಕೊಂಡೇ ಅವರ ಪಡಸಾಲೆಗೆ ಹೋಗಿ ವಿವರಿಸಿದ. ಮೊದಲು ನಿಮಗೆ ಕೊಟ್ಟರೆ ಮೈ ಬೆಂದುಹೋಗುವ ಬಿಸಿ, ಅದನ್ನು ನೀವು ತಣ್ಣೀರು ಬೆರೆಸಿ ಹಾಳು ಮಾಡಬೇಕು, ಉಬ್ಬೆಗೆ ಸಿಗುವುದು ಉಗುರುಬೆಚ್ಚಗಿನದು. ಅದರಲ್ಲಿ ಬಾಣಂತಿಯರ ಬಟ್ಟೆ ಒಗೆದರೆ ರೋಗ ಸಾಯುವುದಿಲ್ಲ, ಈಜಾಡುತ್ತದೆ. ಅಷ್ಟೇ ಅಲ್ಲ ಸಾರ್, ಸುತ್ತು ಅಂದಮೇಲೆ ಕೊನೆಯ ಮನೆಯಿಂದ ಹೋದ ನೀರೇ ಬಾವಿಗಿಳಿದು ಮತ್ತೆ ಮೊದಲನೇ ಮನೆಗೆ ಬರುತ್ತೆ, ಮೊದಲು ಯಾರು ಕೊನೆ ಯಾರು ಅಂದ. ಇದನ್ನು ಹೇಳಿದರೆ ಅವರಿಗೆ ಜ್ಞಾನೋದಯವಾಗುತ್ತದೆ ಅಂತ ಅವನು ತಿಳಿದಿದ್ದ. ದೇಸಾಯರು, ಹಾಗಾದರೆ ನಮಗೆ ಬೇರೆಯೇ ಬಾವಿ ಬೇಕಾಗುತ್ತದೆ ಅಂದರು.

ಅವರು ಕೆಟ್ಟ ಮನುಷ್ಯರೇನಲ್ಲ. ಶಾಲೆಗೆ ಜಾಗ ಕೊಟ್ಟವರು. ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಬೇರೆ ಬಾವಿ ಆಗುವ ತನಕ ಇನ್ನೊಂದು ದಾರಿ ಇದೆ ಅಂತ ಅವರೇ ಹೇಳಿದರು. ಒಳ್ಳೆಯ ದಿನ ನೋಡಿ ಕೊಳವೆಗೆ ಶುದ್ಧಿ ಮಾಡಿಸೋಣ. ಮದುವೆಯಲ್ಲಿ ಮದುಮಕ್ಕಳು ನಡೆಯಲು ಮಡಿವಾಳರು ಹಾಸುವಂತೆ ಫಕೀರವ್ವ ಮಡಿ ಹಾಸುಬಟ್ಟೆ ತಂದು ಓಣಿಯ ಬಾಯಿಂದ ಕೊಳವೆಯ ಉದ್ದಕ್ಕೂ ಹಾಸಲಿ. ಹಾಸಿ ಆಚೆ ನಿಲ್ಲಲಿ. ಪುರೋಹಿತರು ಅದರ ಮೇಲೆ ನಡೆದು ಬಂದು ಅರಿಶಿನ ಕುಂಕುಮ ಹಾಕಿದರೆ ಎಲ್ಲರ ಮನಸ್ಸಿಗೂ ಸಮಾಧಾನ.

ಚೆಲುವರಾಜನಿಗೆ ಇದು ಸರಿ ಕಂಡಿತು. ಹೌದು, ಸರಿ ಕಂಡಿತು. ಓದಿದವರಿಗೆ ಪಂಪು ತಿರುಗಿದರೆ ಸಾಕು. ಉಬ್ಬೆಮನೆಗೆ ಓಡಿ ಬಂದು, ಒಂದು ಬೆಳಗಿನ ಕೆಲಸ ಅಷ್ಟೇ, ಹಾಸಿ ಬಂದುಬಿಡವ್ವ ಅಂದ.

ಫಕೀರವ್ವ ಅಂದು ಕೂಗಾಡಲಿಲ್ಲ. ಎದೆ ಇನ್ನೂ ಗೊರಗೊರ ಅನ್ನುತ್ತಿತ್ತು.

"ನಮ್ಮವ್ವ ಹಾಸ್ಯಾಳ, ನಮ್ಮತ್ತಿ ಹಾಸ್ಯಾಳ. ನಾ ಆಚಿ ನಿಂದ್ರಾಂಗಿಲ್ಲ. ಕುದ್ದದ್ದು ಮಡಿ. ಕುದಿಗೆ ಅರಿಶಿನ ಹಚ್ಚಿದ್ರ ಇನ್ನೊಂದ ಡಿಗ್ರಿ ಹೆಚ್ಚಾಗತೈತೇನ? ಆಗ್ತೈತಿ ಅಂತ ನಿನ್ನ ಪುಸ್ತಕದಾಗ ಇದ್ರ ಹೇಳು, ಹಾಸ್ತೀನಿ."

ಇಲ್ಲ ಅಂದ ಅವನು.

"ಮತ್ತ ಹೋಗು. ಎಂಜಲ ತಿನ್ನೋರ್ನ ನಾನ ಹುಡುಕ್ತೀನಿ. ಊರಾಗ ಅವ್ರೊಬ್ರಿಗೇ ಏನು ಮೈ ಇರೋದು?"

ಅವತ್ತಿನಿಂದ ಅವಳು ಕುಳಿತಲ್ಲಿ ಕೂರಲಿಲ್ಲ. ಆಸ್ಪತ್ರೆಯವರಿಗೆ ಗೋಗರೆದು ಅರ್ಧ ಬಟ್ಟೆ ಮಾತ್ರ ತರಿಸಿಕೊಂಡಳು. ಪಂಪು ತಣಿದು ಮತ್ತೆ ಹೊರಟಾಗ ಒಂದು ಹಂಡೆ ಬೇಯಿಸುವುದು, ನಿಂತಾಗ ಚಪ್ಪಲಿ ಮೆಟ್ಟಿ ಊರು ತಿರುಗುವುದು. ಬಿಸಿ ಬೇಕೇನ್ರೀ ಬಿಸಿ ಅಂತ ಮೀನು ಮಾರುವವರ ಹಾಗೆ ಕೇಳಿದಳು. ಜನ ನಕ್ಕರು. ನಕ್ಕವರಿಗೆ ಬೈದಳು. ಬೈಸಿಕೊಂಡವರಲ್ಲಿ ಕೆಲವರು ಬಂದರು.

ಮೊದಲು ಬಂದವನು ಕೋಳಿಯ ಬಾಬಾಜಾನ. ಮೊಟ್ಟೆಗೆ ಬಲ್ಬಿನ ಕಾವು ಕೊಟ್ಟು ಮರಿ ಮಾಡಿಸುತ್ತಿದ್ದ. ಕರೆಂಟು ಹೋದಾಗಲೆಲ್ಲ ಮರಿಗಳು ಚಿಪ್ಪಿನೊಳಗೇ ಸಾಯುತ್ತಿದ್ದವು. ಕೊಳವೆಯನ್ನು ಅವನ ಶೆಡ್ಡಿಗೆ ಎಳೆದರು. ಹೇಂಟೆಯ ಹೊಟ್ಟೆಯಷ್ಟೇ ಹದವಾದ ಕಾವು, ಹಗಲೂ ರಾತ್ರಿ. ಉಬ್ಬೆಯ ಬಿಸಿಯಲ್ಲಿ ಹುಟ್ಟಿದ ಮರಿಗಳು ಬಿಳೀ ಬಣ್ಣದವೇ ಬರುತ್ತವೆ ನೋಡವ್ವ ಅಂತ ಅವನು ತಮಾಷೆ ಮಾಡಿದ. ಆದರೆ ಕೋಳಿ ಎಷ್ಟು ಬಿಸಿ ತಿಂದೀತು? ಪಂಪಿನ ಬಿಸಿ ತೋರಿಸುವ ಮುಳ್ಳು ಎಂಬತ್ತೈದರಿಂದ ಎಂಬತ್ತಮೂರಕ್ಕೆ ಬಂತು, ಅಷ್ಟೇ.

ಶ್ಯಾವಿಗೆ ಹೊಸೆಯುವ ಹೆಂಗಸರು ಬಂದರು. ಮೋಡ ಮುಚ್ಚಿದ ದಿನ ಅವರ ಶ್ಯಾವಿಗೆ ಬೂಷ್ಟು ಹಿಡಿಯುತ್ತಿತ್ತು. ಈಗ ಕೊಳವೆಯ ಮೇಲೆ ಜಂತಿ ಕಟ್ಟಿ ಒಣಗಿಸಿಕೊಂಡರು. ಶಾಲೆಯ ಬಿಸಿಯೂಟದವರು ಎಸರಿಗೆ ಬಿಸಿನೀರು ಒಯ್ದರು. ಬಸ್‌ಸ್ಟ್ಯಾಂಡಿನ ಹಮಾಲರಿಗೆ ಉಬ್ಬೆಮನೆಯ ಪಕ್ಕದಲ್ಲೇ ಒಂದು ಜಳಕದ ಮನೆ ಆಯಿತು. ಕಲ್ಲಿನ ತೊಟ್ಟಿ, ಸೊಂಟ ಮುಳುಗುವಷ್ಟು ಬಿಸಿನೀರು. ದಿನವೆಲ್ಲ ಚೀಲ ಹೊತ್ತ ಬೆನ್ನು ಅದರೊಳಗೆ ಇಳಿದರೆ ಮೂಳೆ ಮೂಳೆ ಬಿಡಿಸಿಕೊಂಡು ನಿದ್ದೆ ಮಾಡುತ್ತದೆ ಅಂತ ಅವರಲ್ಲೊಬ್ಬ ಹೇಳಿದ. ಅವರು ಹಾಡುತ್ತ ತೊಟ್ಟಿಯಲ್ಲೇ ಮಲಗಿಬಿಡುವುದನ್ನು ತಪ್ಪಿಸಲು ಮಾಚಪ್ಪ ಕೋಲು ಹಿಡಿದು ಕಾವಲು ಕುಳಿತ.

ಮುಳ್ಳು ಎಪ್ಪತ್ತೆರಡು. ಇನ್ನೂ ಸಾಲದು. ಪಂಪು ಎರಡು ತಾಸು ತಿರುಗುವುದು, ಒಂದು ತಾಸು ನಿಲ್ಲುವುದು. ಉಬ್ಬೆಯ ಅರ್ಧ ಬಟ್ಟೆಯೂ ಸರಿಯಾಗಿ ಬೇಯುತ್ತಿರಲಿಲ್ಲ. ಚೆಲುವರಾಜ ಕಂಟ್ರೋಲ್ ರೂಮಿನಲ್ಲೇ ಉಂಡು ಅಲ್ಲೇ ಮಲಗುತ್ತಿದ್ದ. ಮುಳ್ಳು ನೋಡಿ ನೋಡಿ ಅವನ ಕಣ್ಣು ಕೆಂಪಾಗಿತ್ತು.

ಆಗ ಮೆಣಸಿನಕಾಯಿ ಬಂತು. ಕೊಯ್ಲಿನ ಹೊತ್ತಿಗೆ ಅಡ್ಡಮಳೆ ಹಿಡಿದು ಸುತ್ತಿನ ಹೊಲದ ಕಾಯಿಯೆಲ್ಲ ಕಣದಲ್ಲೇ ಕೊಳೆಯತೊಡಗಿತು. ಫಕೀರವ್ವ ಹಳೆಯ ಗೋದಾಮಿಗೆ ಕೊಳವೆ ಎಳೆಸಿ, ಕೆಳಗೆ ಫ್ಯಾನು ಇಡಿಸಿ, ಬರ್ರಿ ಒಣಗಿಸಿಕೊಳ್ರಿ ಅಂತ ಡಂಗುರ ಹೊಡೆಸಿದಳು. ಗಾಡಿಗಳು ಸಾಲುಗಟ್ಟಿದವು. ಹಸಿ ಕಾಯಿ ಬಕಾಸುರನಂತೆ ಬಿಸಿ ತಿನ್ನುತ್ತದೆ. ಮುಳ್ಳು ಅರವತ್ತಕ್ಕೆ ಇಳಿಯಿತು. ಪಂಪು ನಿಲ್ಲದೆ ತಿರುಗಿತು. ಉಬ್ಬೆ ಕುದಿಯಿತು. ಊರೆಲ್ಲ ಸೀನು, ಆದರೂ ಹೆಂಗಸರು ನಗುತ್ತ ಬಟ್ಟೆ ಹಿಂಡಿದರು.

ಸಾಲಿನಲ್ಲಿ ನಿಂತ ಗಾಡಿಗಳಲ್ಲಿ ಎರಡು ದೇಸಾಯರವು. ಆಳು ಬಂದಿದ್ದ. ಫಕೀರವ್ವ ಗೋದಾಮಿನ ಬಾಗಿಲಿಗೆ ಅಡ್ಡ ನಿಂತು, ಇದು ಎಂಜಲ ಬಿಸಿ, ನಿಮ್ಮ ಧಣಿಗೆ ಗೊತ್ತೈತೇನು ಅಂತ ಕೇಳಿದಳು. ಅವನು ಮೊದಲೇ ಕಲಿಸಿದ ಮಾತು ಒಪ್ಪಿಸಿದ: ಒಣಗಿದ ಪದಾರ್ಥಕ್ಕೆ ಮೈಲಿಗೆ ಇಲ್ಲವಂತೆ, ಶಾಸ್ತ್ರದಲ್ಲಿ ಹಾಗೇ ಇದೆಯಂತೆ.

"ಒಣಗೋದಕ್ಕಿಂತ ಮೊದಲು?"

ಅದನ್ನು ಯಾರೂ ಕಲಿಸಿರಲಿಲ್ಲ. ಅವನು ಗಾಡಿಯ ಕಡೆ ನೋಡಿದ. ಫಕೀರವ್ವ ದಾರಿ ಬಿಟ್ಟಳು. ಕಾಯಿಯ ಮೇಲೆ ಅವಳಿಗೇನು ಸಿಟ್ಟು? ಬಿಸಿ ತಿನ್ನುವ ಬಾಯಿ ಬೇಕಿತ್ತು.

ಸುಗ್ಗಿ ಎಷ್ಟು ದಿನ? ಬಿಸಿಲು ಬಿತ್ತು. ಗಾಡಿಗಳು ಕರಗಿದವು. ಗೋದಾಮು ಖಾಲಿಯಾದ ಮರುದಿನವೇ ಮುಳ್ಳು ಮತ್ತೆ ಏರಿತು. ಈ ಸಲ ಇನ್ನೂ ಕೆಟ್ಟದ್ದಾಯಿತು. ಪದೇ ಪದೇ ನಿಂತು ಹೊರಟು ಪಂಪಿನ ಬಿರಟೆ ಸೋರಲು ಹತ್ತಿತ್ತು. ಇನ್ನು ಹತ್ತು ಸಲ ಹೀಗಾದರೆ ಪಂಪು ಪೂರ್ತಿ ಹೋಗುತ್ತದೆ, ಆಮೇಲೆ ಬಾವಿಗೆ ಸಿಮೆಂಟೇ ಗತಿ ಅಂತ ಚೆಲುವರಾಜ ಹೇಳಿದ. ಹೇಳಿ, ಇನ್ನೂ ಕಾಲ ಮಿಂಚಿಲ್ಲ, ಆ ಹಾಸು ಹಾಸಿಬಿಡು ಅಂತ ಅವಳ ಕಾಲಿಗೆ ಬೀಳುವವನ ಹಾಗೆ ಕೇಳಿಕೊಂಡ. ಮಾಚಪ್ಪನೂ ಸುಮ್ಮನೆ ನಿಂತಿದ್ದ. ಹನ್ನೊಂದು ಹೆಂಗಸರೂ ಸುಮ್ಮನೆ ನಿಂತಿದ್ದರು. ಒಬ್ಬರೂ ಹಾಸು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವರ ಸುಮ್ಮನಿರುವಿಕೆ ಅವಳಿಗೆ ಹೊಗೆಗಿಂತ ಕಷ್ಟವಾಯಿತು. ನಾಳೆ ಹೇಳುತ್ತೇನೆ ಅಂದಳು. ಅವಳ ಬಾಯಲ್ಲಿ ಆ ಮಾತು ಯಾರೂ ಕೇಳಿರಲಿಲ್ಲ.

ಅಂದು ಮಧ್ಯಾಹ್ನ ಹಮಾಲರು ಲಾರಿಗೆ ಹೋಗಿದ್ದಾಗ, ಕೋಲೂರಿಕೊಂಡು ಒಬ್ಬ ಮುದುಕಿ ಜಳಕದ ಮನೆಯ ಮುಂದೆ ಬಂದು ನಿಂತಳು. ದೇಸಾಯರ ತಾಯಿ ಅಂಬಕ್ಕ. ಹಳ್ಳದ ದಂಡೆಯ ಕಡೆ ಅವರು ಬಂದದ್ದನ್ನು ಫಕೀರವ್ವ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಅಂಬಕ್ಕ ದಣಿದಿದ್ದರು. ಬಿಸಿನೀರಿನ ತೊಟ್ಟಿ ಇದೆ ಅಂತ ಆಳು ಹೇಳಿದನಂತೆ. ಚಳಿ ಬಂದಾಗಿನಿಂದ ಮೊಣಕಾಲು ಮಡಚಲು ಬರುತ್ತಿಲ್ಲ. ಮೊದಲಿನ ನಲ್ಲಿ ಇದ್ದಾಗ ದಿನಾ ಬಿಸಿನೀರು ಹಾಕಿಕೊಂಡು ಎದ್ದು ಓಡಾಡುತ್ತಿದ್ದರು. ಈಗ ಸೊಸೆ ನಸುಕಿಗೆ ಎದ್ದು ಕಟ್ಟಿಗೆ ಒಡೆದು, ಕಣ್ಣು ಉರಿಸಿಕೊಂಡು ಹಂಡೆ ಕಾಯಿಸುತ್ತಾಳೆ. ಗಂಡಸರ ಜಳಕ ಆಗುವಷ್ಟರಲ್ಲಿ ನೀರು ಮುಗಿದಿರುತ್ತದೆ. ಓಣಿಯ ಹೆಂಗಸರೆಲ್ಲರದೂ ಅದೇ ಗೋಳು. ಮಡಿ ಗಂಡಸರದು, ಮಸಿ ನಮ್ಮದು ಅಂತ ಅಂಬಕ್ಕ ಮೆಟ್ಟಿಲ ಮೇಲೆ ಕುಳಿತರು.

ಫಕೀರವ್ವ ಅವರ ಕೈ ಹಿಡಿಯಲು ಹೋಗಿ ನಿಂತಳು. ಸಿಟ್ಟು ಇನ್ನೂ ಆರಿರಲಿಲ್ಲ.

"ಯವ್ವಾರ, ಮೊದಲ ಹೇಳ್ತೀನಿ. ಇದು ನನ್ನ ಎಂಜಲ."

ಅಂಬಕ್ಕ ಅವಳ ಮುಖ ನೋಡಿದರು. ಆಮೇಲೆ ಕೈ ತಾವೇ ಚಾಚಿದರು.

"ಎಂಜಲ ಅಂತ ನನಗ ಹೇಳ್ತಿಯೇನ? ಮದುವಿ ಆದಾಗಿಂದ ಗಂಡ ಉಂಡ ಎಲಿಮ್ಯಾಲ ಉಂಡೀನಿ. ಆತ ಹೋಗೋತನಕ ನನಗ ಬ್ಯಾರೆ ಎಲಿ ಅಂಬೋದ ಇದ್ದಿಲ್ಲ. ಐದು ಮಕ್ಕಳು ಉಗುಳಿದ್ದ ಉಂಡೀನಿ. ಆಗ ಯಾರೂ ಮೈಲಿಗಿ ಅನ್ನಲಿಲ್ಲ, ಪುಣ್ಯ ಅಂದ್ರು. ಹಿಡಿ ಕೈ."

ಫಕೀರವ್ವ ಹಿಡಿದಳು. ಇಬ್ಬರೂ ಮೆಟ್ಟಿಲಿಳಿದರು. ಮುದುಕಿ ಸೀರೆಯ ಸಮೇತ ಸೊಂಟದ ತನಕ ನೀರಿಗೆ ಇಳಿದು ಕಣ್ಣು ಮುಚ್ಚಿದರು. ಮಧ್ಯೆ ಒಮ್ಮೆ, ಇದೇ ಬಿಸಿ ನಮ್ಮ ಬಚ್ಚಲಲ್ಲೂ ಬರುತ್ತದಲ್ಲ, ಆ ವಾಲ್ವಿನ ಗಾಲಿ ಯಾವ ಕಡೆ ತಿರುಗಿಸಬೇಕು ಅಂತ ಕೇಳಿದರು. ಎಡಕ್ಕೆ ಅಂದಳು ಫಕೀರವ್ವ. ಬಿಗಿಯಾಗಿದ್ದರೆ? ಒಂದು ಹನಿ ಎಣ್ಣೆ ಬಿಡಿ, ಅಷ್ಟೆ.

ಮರುದಿನ ಬೆಳಿಗ್ಗೆ ದೇಸಾಯರು ಕಂಟ್ರೋಲ್ ರೂಮಿಗೆ ಬಂದರು, ಜೊತೆಗೆ ಓಣಿಯ ನಾಲ್ಕು ಹಿರಿಯರು. ಬೇರೆ ಬಾವಿಗೆ ಸರ್ಕಾರಕ್ಕೆ ಬರೆಯುತ್ತೇವೆ, ನೀವು ಒಂದು ಸಹಿ ಹಾಕಬೇಕು ಅಂದರು. ಚೆಲುವರಾಜನ ಕಣ್ಣು ಮುಳ್ಳಿನ ಮೇಲೇ ಇತ್ತು. ಪಂಪು ತಣಿದು ಹೊರಟಾಗಿನಿಂದ ಏರುತ್ತ ಬಂದು ಅದು ಅರವತ್ತನಾಲ್ಕರ ಮೇಲೆ ನಡುಗುತ್ತಿತ್ತು. ಫಕೀರವ್ವನ ಉತ್ತರ ಇನ್ನೂ ಬಂದಿರಲಿಲ್ಲ. ಇನ್ನೊಂದು ಗೆರೆ ದಾಟಿದರೆ ಪಂಪು ನಿಲ್ಲುತ್ತದೆ, ಮತ್ತೆ ಹೊರಡುತ್ತದೋ ಇಲ್ಲವೋ ಗೊತ್ತಿಲ್ಲ. ದೇಸಾಯರು ಕುರ್ಚಿಯಲ್ಲಿ ಕುಳಿತು, ಪರಂಪರೆ ಅಂದರೆ ಏನು ಅಂತ ವಿವರಿಸತೊಡಗಿದರು.

ಗೋಡೆಯ ಮೇಲಿನ ಹಲಗೆಯಲ್ಲಿ ಮೇಲೋಣಿಯ ಪ್ರತಿ ಮನೆಗೂ ಒಂದು ಸಣ್ಣ ದೀಪ ಇತ್ತು. ಯಾರ ಮನೆಯಲ್ಲಿ ಬಿಸಿ ಎಳೆಯುತ್ತಾರೋ ಆ ಮನೆಯ ದೀಪ ಹಸಿರಾಗುತ್ತಿತ್ತು. ತಿಂಗಳುಗಟ್ಟಲೆ ಅದು ಕತ್ತಲಾಗಿ, ಚೆಲುವರಾಜ ಅತ್ತ ನೋಡುವುದನ್ನೇ ಬಿಟ್ಟಿದ್ದ. ಕಣ್ಣಂಚಿನಲ್ಲಿ ಏನೋ ಮಿನುಗಿದಂತಾಗಿ ತಿರುಗಿದ. ಸಾಲಿನ ಮೊದಲ ದೀಪ ಹಸಿರಾಗಿತ್ತು.

ಅದು ದೇಸಾಯರ ಮನೆಯದು.

ಆಮೇಲೆ ಅದರ ಪಕ್ಕದ್ದು. ಆಮೇಲೆ ಎದುರು ಸಾಲಿನದು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಟ್ಟಿಗೆ ಮೂರು. ಹಿತ್ತಲಿನಿಂದ ಹಿತ್ತಲಿಗೆ ಒಂದು ಎಣ್ಣೆಯ ಗಿಂಡಿ ಕೈಯಿಂದ ಕೈಗೆ ಹೋದಂತೆ ದೀಪಗಳು ಒಂದೊಂದಾಗಿ ಹತ್ತಿಕೊಂಡವು. ಆ ಮನೆಗಳ ಯಜಮಾನರು ಇಲ್ಲೇ ಬೆನ್ನು ತಿರುಗಿಸಿ ಕುಳಿತು ತಲೆಯಾಡಿಸುತ್ತಿದ್ದರು. ಮುಳ್ಳು ಅರವತ್ತಮೂರು. ಅರವತ್ತು. ಐವತ್ತೇಳು.

ಪಂಪಿನ ಸದ್ದು ಬದಲಾಯಿತು. ನರಳುವುದು ಬಿಟ್ಟು ಒಂದೇ ಸಮನೆ ಗುಂಯ್ ಅನ್ನತೊಡಗಿತು. ದೇಸಾಯರು ಮಾತು ನಿಲ್ಲಿಸಿ, ಅದೇನು ಸದ್ದು ಅಂತ ಕೇಳಿದರು.

ಚೆಲುವರಾಜನ ಬಾಯಿಗೆ ಮಾತು ಬಂತು. ಒಳ್ಳೆಯ ಮಾತೇ ಬಂತು, ಜನಕ್ಕೆ ತಿಳಿಯುವಂಥದು. ಅವನು ಹಲ್ಲು ಕಚ್ಚಿ ಅದನ್ನು ನುಂಗಿದ.

"ಏನಿಲ್ಲ ಸಾರ್. ನೀರು ಹರೀತಿದೆ. ಎಲ್ಲಿ ಸಹಿ ಹಾಕಬೇಕು ಕೊಡಿ."

ಉಬ್ಬೆಮನೆಯಲ್ಲಿ ಹಬೆ ಚಾವಣಿಗೆ ಮುಟ್ಟಿತು. ಫಕೀರವ್ವ ಮಾಚಪ್ಪನಿಂದ ಪೆಟ್ಟಿಗೆಯ ತಳದಲ್ಲಿದ್ದ ಮಡಿ ಹಾಸು ತೆಗೆಸಿ, ಬಿಚ್ಚಿ ನೋಡುತ್ತ ನಿಂತಿದ್ದಳು. ಹೋಗಲು ಮನಸ್ಸು ಮಾಡಿದ್ದಳೋ ಇಲ್ಲವೋ ಅವಳನ್ನೇ ಕೇಳಬೇಕು, ಕೇಳಿದರೆ ಬೈಯುತ್ತಾಳೆ. ಕುದಿಯುವ ಸದ್ದು ಕೇಳಿ ಹಾಸನ್ನು ಹಾಗೇ ಮುದ್ದೆ ಮಾಡಿ ಅತ್ತ ಎಸೆದು, ಏನು ನೋಡ್ತಾ ನಿಂತೀರಿ, ಹಾಕ್ರಿ ಬಟ್ಟೆ ಅಂತ ಹೆಂಗಸರ ಮೇಲೆ ರೇಗಿದಳು. ಮಧ್ಯಾಹ್ನದೊಳಗೆ ಆಸ್ಪತ್ರೆಗೆ ಹೇಳಿ ಕಳಿಸಿದಳು: ನಾಳೆಯಿಂದ ಪೂರ್ತಿ ಗಂಟು ಕಳಿಸಲಿ.

ದೇಸಾಯರು ಅರ್ಜಿಗೆ ಸಹಿ ಹಾಕಿಸಿಕೊಂಡು, ಗೆದ್ದ ಗತ್ತಿನಲ್ಲಿ ಮನೆಗೆ ಬಂದರು. ಬಿಸಿಲಿನಲ್ಲಿ ನಡೆದ ಮೈ, ಜಳಕಕ್ಕೆ ಕುಳಿತರು. ಹೆಂಡತಿ ತಂಬಿಗೆಯಲ್ಲಿ ಮೊಗೆದು ಬೆನ್ನಿಗೆ ಹಾಕಿದರು. ನೀರು ಬಿಸಿಯಾಗಿತ್ತು, ಹದವಾಗಿತ್ತು, ಹೊಗೆಯ ವಾಸನೆ ಇರಲಿಲ್ಲ. ದೇಸಾಯರು ತಲೆ ಎತ್ತಿ ಮೂಲೆಯ ಒಲೆಯ ಕಡೆ ನೋಡಿದರು. ಒಲೆಯೊಳಗೆ ಬೆಂಕಿಯಿಲ್ಲ. ಬೂದಿಯ ಮೇಲೆ ಬೆಕ್ಕು ಮಲಗಿತ್ತು.

ಹೆಂಡತಿಯ ಕೈ ತಂಬಿಗೆಯ ಸಮೇತ ಗಾಳಿಯಲ್ಲೇ ನಿಂತಿತು.

"ಹಾಕು, ಯಾಕ ನಿಂತಿ?" ಅಂದರು ದೇಸಾಯರು, ಮುಖ ಗೋಡೆಯ ಕಡೆ ತಿರುಗಿಸಿ. "ಇನ್ನೊಂದ ನಾಲ್ಕ ತಂಬಿಗಿ ಹಾಕು."